ಮೊತ್ತದ ಕೆಳಗಿನ ಸಾಲು ಓದಿ

ಕರಾರು ಪತ್ರ ತಂದು ವಕೀಲಳಾದ ನನ್ನ ಮೇಜಿನ ಮೇಲೆ ಇಡುವ ಬರಹಗಾರರು ಹೆಚ್ಚು ಕಡಿಮೆ ಎಲ್ಲರೂ ಒಂದೇ ಕೆಲಸ ಮಾಡುತ್ತಾರೆ. ಹಣದ ಮೊತ್ತ ಇರುವ ಪುಟ ತೆಗೆಯುತ್ತಾರೆ. ಆ ಅಂಕಿಯ ಮೇಲೆ ಬೆರಳಿಡುತ್ತಾರೆ. ‘ಮೇಡಂ, ಇದು ಕಡಿಮೆ ಆಯ್ತಾ?’ ಅಂತ ಕೇಳುತ್ತಾರೆ.

ಹೋದ ತಿಂಗಳು ಬಂದ ಹುಡುಗಿಯೂ ಹಾಗೇ ಕೇಳಿದಳು. ಆಕೆ ಮಕ್ಕಳಿಗಾಗಿ ಒಂದು ಕಾಮಿಕ್ಸ್ ಕಥೆ ಬರೆದಿದ್ದಾಳೆ. ಅದರಲ್ಲಿ ಒಬ್ಬ ಪುಟ್ಟ ನಾಯಕಿ ಇದ್ದಾಳೆ, ಬಹಳ ಮುದ್ದಾದ ಪಾತ್ರ. ಆರು ವರ್ಷ ಕೂತು ತಿದ್ದಿದ್ದಾಳಂತೆ. ಕಂಪನಿಯೊಂದು ಪುಸ್ತಕ ಮಾಡಲು ಮುಂದೆ ಬಂದಿದೆ. ನಾನು ಮೊತ್ತ ನೋಡಲಿಲ್ಲ. ‘ಈ ಪುಸ್ತಕ ಬಂದ ಮೇಲೆ ನಾಯಕಿ ಯಾರ ಸೊತ್ತು?’ ಅಂತ ಕೇಳಿದೆ. ‘ನಂದೇ ಅಲ್ವಾ? ನಾನೇ ಬರೆದಿದ್ದು’ ಅಂದಳು. ಕರಾರಿನ ಐದನೇ ಪುಟದಲ್ಲಿ ಬೇರೆ ಮಾತು ಇತ್ತು.

ಇಂಥ ಹೊತ್ತಿನಲ್ಲಿ ನಾನು ಸೂಪರ್‌ಮ್ಯಾನ್ ಕಥೆ ಬರೆದ ಜೆರ್ರಿ ಸೀಗೆಲ್ ಹೆಸರು ಎತ್ತುತ್ತೇನೆ. ಎಲ್ಲರಿಗೂ ಆ ಕಥೆ ಗೊತ್ತಿರುತ್ತದೆ. ‘ಹೌದು ಮೇಡಂ, ಸೂಪರ್‌ಮ್ಯಾನ್‌ನ ಬರೀ 130 ಡಾಲರ್‌ಗೆ ಮಾರಿಬಿಟ್ಟರಂತೆ, ಪಾಪ’ ಅನ್ನುತ್ತಾರೆ. ಆಮೇಲೆ ಅದರಿಂದ ಕಲಿಯುವುದು ಏನು? ‘ಅದಕ್ಕೇ ನಾವು ಜಾಸ್ತಿ ಕೇಳಬೇಕು.’ ಇಲ್ಲೇ ನನಗೆ ತಾಳ್ಮೆ ತಪ್ಪುವುದು. 130 ಡಾಲರ್ ಅಲ್ಲ, 13,000 ಡಾಲರ್ ಕೊಟ್ಟಿದ್ದರೂ ಆ ಕಾಗದ ಅಷ್ಟೇ ಕೆಟ್ಟದ್ದಾಗಿರುತ್ತಿತ್ತು.

ಆ ಕಾಗದದಲ್ಲಿ ಏನಿತ್ತು ಅಂತ ಬಿಡಿಸಿ ಹೇಳುತ್ತೇನೆ.

ಸೀಗೆಲ್ ಹುಟ್ಟಿದ್ದು 1914ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನಲ್ಲಿ. ಯಹೂದಿ ವಲಸಿಗರ ಮನೆ. ತಂದೆಗೆ ಬಟ್ಟೆ ಅಂಗಡಿ ಇತ್ತು. 1932ರಲ್ಲಿ ಕಳ್ಳರು ಅಂಗಡಿಗೆ ನುಗ್ಗಿದ ರಾತ್ರಿ ತಂದೆ ಅಲ್ಲೇ ಕುಸಿದು ತೀರಿಕೊಂಡರು. ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಸಿಕ್ಕ ಗೆಳೆಯ ಜೋ ಶುಸ್ಟರ್. ಸೀಗೆಲ್ ಬರೆಯುವುದು, ಶುಸ್ಟರ್ ಚಿತ್ರ ಬಿಡಿಸುವುದು. ಸೂಪರ್‌ಮ್ಯಾನ್ ಕಥೆಯನ್ನು ಪತ್ರಿಕೆಗಳಿಗೆ ದಿನದ ಚಿತ್ರಪಟ್ಟಿಯಾಗಿ ಕೊಡಬೇಕು ಅಂತ ಇಬ್ಬರೂ ವರ್ಷಗಟ್ಟಲೆ ಅಲೆದರು. ಯಾರೂ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಒಂದು ಕಾಮಿಕ್ಸ್ ಕಂಪನಿಗೆ ಬೇರೆ ಬೇರೆ ಕಥೆ ಮಾಡಿಕೊಡುತ್ತಿದ್ದರು. ಮುಂದೆ ಡಿಸಿ ಅಂತ ಹೆಸರಾದದ್ದು ಅದೇ. ಕೊನೆಗೆ ಅವರೇ ಸೂಪರ್‌ಮ್ಯಾನ್ ಬೇಕು ಅಂದರು. ಪಟ್ಟಿಗಳನ್ನು ಕತ್ತರಿಸಿ, ಅಂಟಿಸಿ, 13 ಪುಟ ಮಾಡಿದರು. ಪುಟಕ್ಕೆ 10 ಡಾಲರ್. ಆಗ ಅದು ಮಾಮೂಲಿ ದರ. ಹೀಗೆ ಬಂದದ್ದು ಆ 130.

1938ರ ಮಾರ್ಚ್ 1ರ ಚೆಕ್ಕಿನಲ್ಲಿ ಇರುವುದು 412 ಡಾಲರ್. ಅದರಲ್ಲಿ 130 ಮಾತ್ರ ಸೂಪರ್‌ಮ್ಯಾನ್‌ದು, ಉಳಿದದ್ದು ಬೇರೆ ಕೆಲಸದ್ದು. ಆ ಚೆಕ್ಕು ಈಗಲೂ ಇದೆ. 2012ರಲ್ಲಿ ಹರಾಜಿಗೆ ಬಂದು 1,60,000 ಡಾಲರ್‌ಗೆ ಹೋಯಿತು. ಎಲ್ಲರೂ ನೋಡುವುದು ಆ ಚೆಕ್ಕನ್ನೇ. ನಾನು ನೋಡಿ ಅನ್ನುವುದು ಅದರ ಜೊತೆ ಸಹಿ ಹಾಕಿದ ಚಿಕ್ಕ ಬಿಡುಗಡೆ ಪತ್ರವನ್ನು. ಅದರ ಸಾರ ಇಷ್ಟು: ಈ ಕೆಲಸವನ್ನೂ, ಇದರಲ್ಲಿರುವ ಪಾತ್ರಗಳನ್ನೂ, ಕಥೆಯನ್ನೂ, ಹೆಸರನ್ನೂ ಎಂದೆಂದಿಗೂ ನಿಮಗೆ ಕೊಟ್ಟಿದ್ದೇವೆ. ಇನ್ನು ಮುಂದೆ ಈ ಪಾತ್ರಗಳನ್ನು ಇದೇ ಹೆಸರಿನಲ್ಲಾಗಲಿ ಬೇರೆ ಹೆಸರಿನಲ್ಲಾಗಲಿ ಇನ್ನೊಬ್ಬರಿಗೆ ಮಾಡಿಕೊಡುವುದಿಲ್ಲ.

ಈಗ ಗಮನ ಕೊಡಿ. ಹಣ ಕೊಟ್ಟದ್ದು 13 ಪುಟಕ್ಕೆ. ಬರೆಸಿಕೊಂಡದ್ದು ಪಾತ್ರವನ್ನು. ಇವು ಎರಡು ಬೇರೆ ಬೇರೆ ವಸ್ತು. ಮನೆ ಬಾಡಿಗೆಗೆ ಕೊಡುವುದೂ ಸೈಟ್ ಕ್ರಯಕ್ಕೆ ಕೊಡುವುದೂ ಬೇರೆ ಅಂತ ನಮ್ಮಲ್ಲಿ ಓದು ಬಾರದವರಿಗೂ ಗೊತ್ತು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಚಕ್ಕುಬಂದಿ ನಾಲ್ಕು ಸಲ ಓದಿಸಿಕೊಳ್ಳುತ್ತಾರೆ. ಅದೇ ಜನ ಆರು ವರ್ಷ ಬೆವರು ಸುರಿಸಿ ಕಟ್ಟಿದ ಪಾತ್ರದ ಚಕ್ಕುಬಂದಿ ಓದುವುದಿಲ್ಲ. ಒಂದು ಪುಸ್ತಕಕ್ಕೆ ಅನುಮತಿ ಕೊಡುವುದು ಬಾಡಿಗೆ. ಪಾತ್ರ, ಹೆಸರು, ಮುಂದಿನ ಕಥೆ, ಸಿನಿಮಾ, ಆಟಿಕೆ ಎಲ್ಲವನ್ನೂ ಎಂದೆಂದಿಗೂ ಕೊಡುವುದು ಕ್ರಯ. ಬಾಡಿಗೆ ಎಷ್ಟು ಅಂತ ಚೌಕಾಸಿ ಮಾಡುತ್ತಾ ಕ್ರಯಪತ್ರಕ್ಕೆ ಸಹಿ ಹಾಕುತ್ತಿದ್ದೀರಿ. ನಾನು ಹೇಳುತ್ತಿರುವುದು ಇದೊಂದೇ.

ಆ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಾಗ ಸೀಗೆಲ್, ಶುಸ್ಟರ್ ಇಬ್ಬರಿಗೂ 23 ವರ್ಷ. ಅವರನ್ನು ನಾನು ಬೈಯುವುದಿಲ್ಲ. ಅಷ್ಟು ಸಲ ಬಾಗಿಲು ತಟ್ಟಿ ವಾಪಸ್ ಬಂದ ಮೇಲೆ ಒಂದು ಬಾಗಿಲು ತೆರೆದರೆ ಯಾರಿಗಾದರೂ ಕೈ ನಡುಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಆಮೇಲೆ ಅವರಿಗೆ ಹಣವೇ ಸಿಗಲಿಲ್ಲ ಅಂದುಕೊಂಡಿದ್ದಾರೆ. ಹಾಗಲ್ಲ. ಅದೇ 1938ರಲ್ಲಿ ಹತ್ತು ವರ್ಷದ ಕೆಲಸದ ಕರಾರು ಆಯಿತು. ಪತ್ರಿಕೆಗಳಲ್ಲೂ ಸೂಪರ್‌ಮ್ಯಾನ್ ಶುರುವಾಯಿತು. 1947ರ ಹೊತ್ತಿಗೆ ಇಬ್ಬರೂ ಸೇರಿ 4 ಲಕ್ಷ ಡಾಲರ್‌ಗಿಂತ ಜಾಸ್ತಿ ಪಡೆದಿದ್ದರು. ಆ ಕಾಲಕ್ಕೆ ಅದು ದೊಡ್ಡ ಹಣ. ಆದರೆ ಅದು ಕೆಲಸದ ಕೂಲಿ. ಕಂಪನಿ ಕೆಲಸ ಕೊಡುವವರೆಗೆ ಮಾತ್ರ ಬರುವಂಥದ್ದು.

ನನ್ನಂಥ ವಕೀಲರಿಗೆ ಈ ಕಥೆಯಲ್ಲಿ ಬಹಳ ಮುಖ್ಯವಾದ ಭಾಗ ಸೂಪರ್‌ಬಾಯ್‌ದು. ಸೂಪರ್‌ಮ್ಯಾನ್‌ನ ಬಾಲ್ಯದ ಕಥೆ ಮಾಡೋಣ ಅಂತ 1938ರಲ್ಲೇ ಸೀಗೆಲ್ ಕಂಪನಿಗೆ ಬರೆದಿದ್ದರು. ಕಂಪನಿ ಬೇಡ ಅಂದಿತು. 1940ರಲ್ಲಿ ಪೂರ್ತಿ ಕಥೆಯನ್ನೇ ಬರೆದುಕೊಟ್ಟರು. ಆಗಲೂ ಅಚ್ಚಾಗಲಿಲ್ಲ. 1943ರಲ್ಲಿ ಸೈನ್ಯಕ್ಕೆ ಕರೆ ಬಂತು, ಹವಾಯಿಯಲ್ಲಿ ಇದ್ದರು. ಅವರು ಅಲ್ಲಿದ್ದಾಗಲೇ, 1944ರ ಕೊನೆಯಲ್ಲಿ, ಇತ್ತ ಸೂಪರ್‌ಬಾಯ್ ಅಚ್ಚಾಗಿಬಿಟ್ಟಿತು. ಅವರನ್ನು ಕೇಳದೆ.

1947ರಲ್ಲಿ ಸೀಗೆಲ್ ಮತ್ತು ಶುಸ್ಟರ್ ನ್ಯೂಯಾರ್ಕಿನ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ ದಾವೆ ಹೂಡಿದರು. ತೀರ್ಮಾನ ಹೀಗಿತ್ತು. ಸೂಪರ್‌ಮ್ಯಾನ್ ಕಂಪನಿಯದು, ಯಾಕೆಂದರೆ 1938ರ ಕಾಗದ ಇದೆ. ಸೂಪರ್‌ಬಾಯ್ ಸೀಗೆಲ್‌ದು, ಯಾಕೆಂದರೆ ಅದಕ್ಕೆ ಅಂಥ ಕಾಗದ ಇಲ್ಲ. ಬರೆದವರು ಒಬ್ಬರೇ, ಕಂಪನಿಯೂ ಅದೇ, ಹೆಚ್ಚು ಕಡಿಮೆ ನಾಯಕನೂ ಅವನೇ. ವ್ಯತ್ಯಾಸ ಒಂದು ಸಹಿ. ಈ ಭಾಗ ಹೇಳಿದಾಗ ಮಾತ್ರ ನನ್ನ ಕಕ್ಷಿದಾರರು ಬೆರಳನ್ನು ಮೊತ್ತದ ಮೇಲಿಂದ ತೆಗೆಯುತ್ತಾರೆ.

ಗೆದ್ದದ್ದನ್ನು ಸೀಗೆಲ್ ಉಳಿಸಿಕೊಳ್ಳಲಿಲ್ಲ. 1948ರಲ್ಲಿ ಸುಮಾರು 94,000 ಡಾಲರ್‌ಗೆ ರಾಜಿ ಮಾಡಿಕೊಂಡು ಸೂಪರ್‌ಬಾಯ್‌ನೂ ಬಿಟ್ಟುಕೊಟ್ಟರು. ಆಗ ಅವರ ವಕೀಲಳಾಗಿ ನಾನಿದ್ದರೆ ಬೇಡ ಅನ್ನುತ್ತಿದ್ದೆನಾ? ಖಂಡಿತವಾಗಿ ಹೇಳಲಾರೆ. ವ್ಯಾಜ್ಯದ ನಡುವೆ ಇರುವವರ ಖರ್ಚು, ಆಯಾಸ ಹೊರಗಿನವರಿಗೆ ಕಾಣುವುದಿಲ್ಲ. ಆದರೆ ಕೆಲಸ ಹೋಯಿತು. ಕಥೆಗಳ ಮೇಲಿಂದ ಹೆಸರೂ ಹೋಯಿತು. ಇಬ್ಬರೂ ಸೇರಿ ‘ಫನ್ನಿಮ್ಯಾನ್’ ಅಂತ ಹೊಸ ನಾಯಕನನ್ನು ಮಾಡಿದರು. ಅದು ನಿಲ್ಲಲಿಲ್ಲ.

1959ರಲ್ಲಿ ಸೀಗೆಲ್ ಮತ್ತೆ ಡಿಸಿ ಬಾಗಿಲಿಗೆ ಬಂದರು. ಅವರ ಹೆಂಡತಿ ಜೋಆನ್ ಹೋಗಿ ಕೆಲಸ ಕೇಳಿದ್ದರು. ಲೋಯಿಸ್ ಲೇನ್ ಪಾತ್ರಕ್ಕೆ ಹುಡುಗಿಯಾಗಿದ್ದಾಗ ಮಾದರಿಯಾಗಿ ನಿಂತವರು ಇದೇ ಜೋಆನ್. ತಾನೇ ಹುಟ್ಟಿಸಿದ ನಾಯಕನಿಗೆ ಸೀಗೆಲ್ ಈಗ ಪುಟದ ಲೆಕ್ಕದಲ್ಲಿ, ಹೆಸರಿಲ್ಲದೆ ಬರೆದರು. ಆ ವರ್ಷಗಳ ಕಥೆಗಳು ನನಗೆ ಅವರ ಮೊದಲಿನ ಕಥೆಗಳಿಗಿಂತ ಹೆಚ್ಚು ಇಷ್ಟ. 1961ರಲ್ಲಿ ಬಂದ, ಸೂಪರ್‌ಮ್ಯಾನ್ ಸಾಯುವ ಕಲ್ಪನೆಯ ಕಥೆ ಓದಿದರೆ ಗಂಟಲು ಕಟ್ಟುತ್ತದೆ. ಪುಟದಲ್ಲಿ ಎಲ್ಲೂ ಬರೆದವರ ಹೆಸರಿಲ್ಲ. ಓದಿದ ಮಕ್ಕಳಿಗೆ ಬರೆದವರು ಯಾರು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ.

ಆ ಕಾಲದ ಅಮೆರಿಕದ ಕಾನೂನಿನಲ್ಲಿ ಕೃತಿಸ್ವಾಮ್ಯ ಮೊದಲು 28 ವರ್ಷ, ಆಮೇಲೆ ನವೀಕರಿಸಿದರೆ ಇನ್ನೂ 28 ವರ್ಷ. 1938ಕ್ಕೆ 28 ಸೇರಿಸಿದರೆ 1966. ನವೀಕರಣದ ಅವಧಿಯಾದರೂ ನಮಗೆ ಬರಬೇಕು ಅಂತ ಇಬ್ಬರೂ ಮತ್ತೆ ಹೊರಟರು. ಸೀಗೆಲ್‌ಗೆ ಕೆಲಸ ಮತ್ತೆ ಹೋಯಿತು. 1974ರಲ್ಲಿ ಮೇಲ್ಮನವಿ ಕೋರ್ಟ್ ಕೊಟ್ಟ ತೀರ್ಪನ್ನು ನಾನು ಪ್ರತಿಯೊಬ್ಬ ಬರಹಗಾರರಿಗೂ ಹೇಳುತ್ತೇನೆ. ಸೂಪರ್‌ಮ್ಯಾನ್ ಕಂಪನಿಯ ಕೂಲಿ ಕೆಲಸವಾಗಿ ಹುಟ್ಟಿದ್ದಲ್ಲ, ಅದಕ್ಕೂ ಮೊದಲೇ ಇವರು ಅದನ್ನು ಮಾಡಿಟ್ಟುಕೊಂಡಿದ್ದರು ಅಂತ ಕೋರ್ಟ್ ಒಪ್ಪಿತು. ಆದರೂ ಇವರು ಸೋತರು. ನವೀಕರಣದ ಹಕ್ಕೂ ಹಳೆಯ ಕಾಗದಗಳಲ್ಲೇ ಹೋಗಿದೆ ಅಂದಿತು.

‘ನಾನೇ ಬರೆದಿದ್ದು, ಹಾಗಾಗಿ ನಂದೇ’ ಅನ್ನುವವರು ಈ ತೀರ್ಪನ್ನು ಒಂದು ಸಲ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನೀವೇ ಬರೆದಿರಿ ಅನ್ನುವುದರಲ್ಲಿ ಯಾರಿಗೂ ಜಗಳವಿಲ್ಲ. ಬರೆದದ್ದನ್ನು ಆಮೇಲೆ ಏನು ಮಾಡಿದಿರಿ ಅನ್ನುವುದು ಪ್ರಶ್ನೆ.

ಉಳಿದದ್ದು ಬೇಗ ಹೇಳುತ್ತೇನೆ. ಸೀಗೆಲ್ ಲಾಸ್ ಏಂಜಲೀಸ್‌ನಲ್ಲಿ ಗುಮಾಸ್ತರಾಗಿ ಟೈಪ್ ಮಾಡುವ ಕೆಲಸ ಮಾಡಿದರು. ಇಟಲಿಯ ಪತ್ರಿಕೆಗೂ ಕಥೆ ಬರೆದರು. 1975ರಲ್ಲಿ ಸೂಪರ್‌ಮ್ಯಾನ್ ಸಿನಿಮಾ ಬರುತ್ತಿದೆ ಅಂತ ತಿಳಿದಾಗ ಪತ್ರಿಕೆಗಳಿಗೆ ಉದ್ದದ ಪತ್ರ ಬರೆದು ಸಿನಿಮಾಕ್ಕೆ ಶಾಪ ಹಾಕಿದರು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಎಂಬ ಕಲಾವಿದರು ಅವರ ಪರ ನಿಂತು ಗದ್ದಲ ಎಬ್ಬಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಡಿಸಿಯ ಒಡೆಯರಾದ ವಾರ್ನರ್ ಕಂಪನಿ ಇಬ್ಬರಿಗೂ ತಲಾ ವರ್ಷಕ್ಕೆ 20,000 ಡಾಲರ್ ಮತ್ತು ವೈದ್ಯಕೀಯ ಖರ್ಚು ಕೊಡಲು ಒಪ್ಪಿತು. ಹೆಸರೂ ವಾಪಸ್ ಬಂತು. ಅದು ಹಕ್ಕಿನಿಂದ ಬಂದದ್ದಲ್ಲ, ಜನ ನೋಡುತ್ತಿದ್ದಾರೆ ಅನ್ನುವ ಸಂಕೋಚದಿಂದ ಬಂದದ್ದು. ಬ್ಯಾಟ್‌ಮ್ಯಾನ್ ಬರೆದ ಬಿಲ್ ಫಿಂಗರ್‌ಗೆ ಅದೂ ಸಿಗಲಿಲ್ಲ. ಅವರ ಕೈಯಲ್ಲಿ ಕಂಪನಿಯ ಕಾಗದವೇ ಇರಲಿಲ್ಲ. 1974ರಲ್ಲಿ ತೀರಿಕೊಂಡರು, ಹೆಸರು ಬಂದದ್ದು 2015ರಲ್ಲಿ.

ಸೀಗೆಲ್ 1996ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ 1976ರ ಹೊಸ ಕಾಯ್ದೆ ಹಳೆಯ ವರ್ಗಾವಣೆಗಳನ್ನು ಬಹಳ ವರ್ಷದ ನಂತರ ರದ್ದು ಮಾಡುವ ಅವಕಾಶ ಕೊಟ್ಟಿತ್ತು. ಅದನ್ನು ಹಿಡಿದು ಹೆಂಡತಿ, ಮಗಳು 1997ರಲ್ಲಿ ನೋಟಿಸ್ ಕೊಟ್ಟರು. 2008ರಲ್ಲಿ ಒಂದು ಕೋರ್ಟ್ ಮೊದಲ ಕಥೆಯ ಪಾಲು ಅವರಿಗೆ ಬಂದಿದೆ ಅಂದಿತು. 2013ರಲ್ಲಿ ಮೇಲಿನ ಕೋರ್ಟ್ ಬೇರೆ ಹೇಳಿತು. 2001ರಲ್ಲಿ ಅವರ ವಕೀಲರು ಕಂಪನಿಗೆ ಬರೆದ ಒಂದು ಪತ್ರ ಇತ್ತು. ನಿಮ್ಮ ಷರತ್ತು ನಮಗೆ ಒಪ್ಪಿಗೆ ಅನ್ನುವ ಪತ್ರ. ದೊಡ್ಡ ಕರಾರಿಗೆ ಸಹಿ ಬೀಳದಿದ್ದರೂ ಆ ಪತ್ರವೇ ಕರಾರು ಅಂದಿತು. ದಯವಿಟ್ಟು ‘ಓಕೆ ಸರ್, ಡನ್’ ಅಂತ ಸುಮ್ನೆ ಇಮೇಲ್ ಕಳಿಸುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ನಮ್ಮ ಕಾಯ್ದೆ ಬೇರೆ. ಅಮೆರಿಕದ ಹಾಗೆ ಇಷ್ಟು ವರ್ಷದ ನಂತರ ನೋಟಿಸ್ ಕೊಟ್ಟು ವಾಪಸ್ ಪಡೆಯುವ ಹಕ್ಕು ಇಲ್ಲಿ ಇಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಬರಹಗಾರರಿಗೆ ಒಳ್ಳೆಯ ಗೆಳೆಯ. ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ತೆಗೆದುಕೊಂಡವರು ಒಂದು ವರ್ಷದೊಳಗೆ ಹಕ್ಕು ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ. ಈ ‘ಬರೆಯದಿದ್ದರೆ’, ‘ಹೇಳಿಲ್ಲದಿದ್ದರೆ’ ಅನ್ನುವುದೇ ಎಲ್ಲ. ಕಂಪನಿಯ ವಕೀಲರು ಇದನ್ನು ಚೆನ್ನಾಗಿ ಓದಿರುತ್ತಾರೆ. ಅದಕ್ಕೇ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಅಂತ ಮೊದಲೇ ಸೇರಿಸಿರುತ್ತಾರೆ. ಸಂಬಳಕ್ಕಿದ್ದು ಬರೆದವರ ಲೆಕ್ಕ ಬೇರೆ. ಅವರ ಬರಹಕ್ಕೆ ಸಾಮಾನ್ಯವಾಗಿ ಮಾಲೀಕರೇ ಮೊದಲ ಒಡೆಯರು. ನಿಮ್ಮ ಕಾಗದ ನೋಡದೆ ಇದಕ್ಕಿಂತ ಜಾಸ್ತಿ ಹೇಳುವುದು ಸರಿಯಲ್ಲ.

ಆ ಹುಡುಗಿಯ ಕರಾರಿನ ಐದನೇ ಪುಟದಲ್ಲಿ ನಾವು ಮೂರು ಸಾಲು ತಿದ್ದಿದೆವು. ಹಕ್ಕು ಈ ಒಂದು ಪುಸ್ತಕಕ್ಕೆ, ಕನ್ನಡ ಮತ್ತು ಇಂಗ್ಲಿಷಿಗೆ, ಏಳು ವರ್ಷಕ್ಕೆ. ಪಾತ್ರ, ಹೆಸರು, ಸಿನಿಮಾ, ಆಟ ಎಲ್ಲ ಆಕೆಯ ಬಳಿಯೇ. ಮೊತ್ತ ಕಡಿಮೆ ಮಾಡಬಹುದು ಅಂತ ಆಕೆಗೆ ಭಯ. ಮಾಡಬಹುದು, ಅದನ್ನೂ ಹೇಳಿದೆ. ತಿದ್ದಿದ ಪ್ರತಿ ಕಳಿಸಿ ಹನ್ನೆರಡು ದಿನ ಆಯಿತು. ದಿನಾ ಸಂಜೆ ಫೋನ್ ಮಾಡಿ ‘ಉತ್ತರ ಬಂತಾ ಮೇಡಂ?’ ಅಂತ ಕೇಳುತ್ತಾಳೆ. ಇನ್ನೂ ಬಂದಿಲ್ಲ. ಕಾಯುವಾಗ ಎರಡನೇ ಕಥೆ ಬರೆಯಲು ಕೂತಿದ್ದಾಳಂತೆ, ಅದೇ ನಾಯಕಿಯದು.