ಡಿಶ್‌ವಾಶರ್ ಕೆಟ್ಟಿದೆಯಾ? ಹೊಸದು ತರೋ ಮುಂಚೆ ಒಳಗೆ ನೋಡಿ

ಬಾಗಿಲು ತೆಗೆದರೆ ತಳದಲ್ಲಿ ಕೊಳಕು ನೀರು ನಿಂತಿದೆ. ಫೋನ್ ಮಾಡಿದರೆ ಬರುವ ಉತ್ತರ, "ಏಳು ವರ್ಷ ಹಳೇದಲ್ವಾ ಮೇಡಂ, ಎಕ್ಸ್‌ಚೇಂಜ್‌ಗೆ ಹಾಕ್ಬಿಡಿ." ತಕ್ಷಣ ಒಪ್ಪಬೇಡಿ. ಮೆಷಿನ್‌ಗೆ ಎಷ್ಟು ವರ್ಷ ಆಯ್ತು ಅನ್ನೋದಕ್ಕಿಂತ ಒಳಗೆ ಕೆಟ್ಟಿರುವುದು ಯಾವ ಭಾಗ, ಅದು ಯಾಕೆ ಕೆಟ್ಟಿತು ಅನ್ನೋದೇ ಮುಖ್ಯ.

ಡಿಶ್‌ವಾಶರ್ ಮಾಡುವ ಕೆಲಸ ಸರಳ. 1886ರಲ್ಲಿ ಅಮೆರಿಕದ ಜೋಸೆಫೀನ್ ಕಾಕ್ರೇನ್ ಪೇಟೆಂಟ್ ಪಡೆದ ಯಂತ್ರದ ಉಪಾಯವೂ ಇದೇ: ಪಾತ್ರೆ ಅಲುಗಾಡದಂತೆ ತಂತಿಯ ಗೂಡುಗಳಲ್ಲಿಟ್ಟು, ಸೋಪು ಬೆರೆತ ಬಿಸಿನೀರನ್ನು ಜೋರಾಗಿ ಎರಚುವುದು. ಇವತ್ತಿನ ಮೆಷಿನ್‌ನಲ್ಲಿ ನೀರು ಒಳಗೆ ಬಿಡಲು ವಾಲ್ವ್, ಕಾಯಿಸಲು ಹೀಟರ್, ಎರಚಲು ಒಂದು ಪಂಪ್, ಹೊರಹಾಕಲು ಇನ್ನೊಂದು ಪಂಪ್, ಎಲ್ಲವನ್ನೂ ನಡೆಸಲು ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತವೆ. ಇಷ್ಟರಲ್ಲಿ ಒಂದು ನಿಂತರೂ ಇಡೀ ಮೆಷಿನ್ ಸತ್ತಂತೆ ಕಾಣುತ್ತದೆ.

ನೀರು ನಿಂತಿದೆ ಅಂದರೆ ಮೊದಲು ಪ್ಲಗ್ ತೆಗೆಯಿರಿ. ಆಮೇಲೆ ತಳದ ಫಿಲ್ಟರ್ ತಿರುಗಿಸಿ ಹೊರತೆಗೆದು, ಕೆಳಗಿನ ಗುಂಡಿಯ ನೀರನ್ನು ಬಟ್ಟೆಯಲ್ಲಿ ಹೀರಿ. ಟಾರ್ಚ್ ಬಿಟ್ಟು ನೋಡಿದರೆ ಬಹಳಷ್ಟು ಮಾದರಿಗಳಲ್ಲಿ ಡ್ರೈನ್ ಪಂಪಿನ ಪುಟ್ಟ ರೆಕ್ಕೆಚಕ್ರ ಸಿಗುತ್ತದೆ, ಕೆಲವದರಲ್ಲಿ ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತೆ. ಒಂದು ನಿಂಬೆ ಬೀಜ, ಕರಿಬೇವಿನ ಕಡ್ಡಿ, ಒಡೆದ ಲೋಟದ ಚೂರು ಸಾಕು, ಆ ಚಕ್ರ ತಿರುಗೋದೇ ಇಲ್ಲ. ಗಾಜಿರಬಹುದು, ಬರಿಗೈ ಹಾಕಬೇಡಿ.

ಇನ್ನೊಂದು ಲಕ್ಷಣ ಜನರನ್ನು ಇದಕ್ಕಿಂತ ಜಾಸ್ತಿ ಹೆದರಿಸುತ್ತದೆ. ಮೆಷಿನ್ ಸ್ಟಾರ್ಟ್ ಆಗುವುದಿಲ್ಲ, ಡ್ರೈನ್ ಪಂಪ್ ಮಾತ್ರ ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ. ಬೋರ್ಡ್ ಹೋಯ್ತು ಅಂದುಕೊಳ್ಳುತ್ತೇವೆ. ಆದರೆ ಹಲವು ಮೆಷಿನ್‌ಗಳ ತಳದ ತಟ್ಟೆಯಲ್ಲಿ ತೇಲುವ ಒಂದು ತುಂಡಿರುತ್ತದೆ. ಎಲ್ಲೋ ಸೋರಿದ ನೀರು ಆ ತಟ್ಟೆಗೆ ಬಿದ್ದರೆ ಅದು ಮೇಲೇಳುತ್ತದೆ, ಸ್ವಿಚ್ ಒತ್ತುತ್ತದೆ, ಮನೆ ತುಂಬ ನೀರಾಗದಿರಲಿ ಅಂತ ಮೆಷಿನ್ ಡ್ರೈನ್ ಪಂಪ್ ಒಂದನ್ನು ಬಿಟ್ಟು ಎಲ್ಲವನ್ನೂ ನಿಲ್ಲಿಸುತ್ತದೆ. ಅಂದರೆ ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ! ಸೋರಿಕೆ ಬಾಗಿಲಿನ ರಬ್ಬರ್‌ನಿಂದಲೋ ಸಡಿಲವಾದ ಪೈಪ್‌ನಿಂದಲೋ ಆಗಿದ್ದರೆ ರಿಪೇರಿ ಸಣ್ಣದೇ.

ಬೆಂಗಳೂರಿನಂಥ ಊರಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರು ನಂಬಿಕೊಂಡವರಿಗೆ ದೊಡ್ಡ ಶತ್ರು ಬೇರೆಯೇ ಇದೆ, ಗಡಸು ನೀರು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆಗಬಹುದು. ಗಡಸು ನೀರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಸಿಯಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಗೀಸರ್ ಒಳಗೆ ಕೂರುವ ಬಿಳಿ ಪದರವೂ ಮುಖ್ಯವಾಗಿ ಇದೇ. ಈ ಪದರ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ನೀರು ಕಾಯಲು ಹೊತ್ತು ಹಿಡಿಯುತ್ತದೆ, ಹೀಟರ್ ಮಾತ್ರ ತಾನೇ ಕಾದು ಕಾದು ಸುಟ್ಟುಹೋಗುತ್ತದೆ.

ಇದಕ್ಕೆ ಮದ್ದು ಹೆಚ್ಚಿನ ಮೆಷಿನ್‌ಗಳ ಒಳಗೇ ಇದೆ. ರೆಸಿನ್ ಅನ್ನೋ ಸಣ್ಣ ಸಣ್ಣ ಮಣಿಗಳು ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಹರಿಸಿದರೆ ಕ್ಯಾಲ್ಸಿಯಂ ತೊಳೆದುಹೋಗಿ ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತವೆ. ಉಪ್ಪು ಹಾಕೋದು ಇದಕ್ಕೇ, ಪಾತ್ರೆ ತೊಳೆಯೋಕಲ್ಲ. ಅಡುಗೆಯ ಪುಡಿ ಉಪ್ಪು ಮಾತ್ರ ಬೇಡ, ಅದು ಗಂಟು ಕಟ್ಟದಿರಲಿ ಅಂತ ಬೆರೆಸುವ ಪದಾರ್ಥ ರೆಸಿನ್ ಹಾಳು ಮಾಡಬಹುದು. ಗಾಜಿನ ಲೋಟದ ಮೇಲೆ ಬಿಳಿ ಮಸುಕು ಬಂದಿದ್ದರೆ ಮೆಕ್ಯಾನಿಕ್‌ಗಿಂತ ಮೊದಲು ಮೆಷಿನ್ ಒಳಗಿನ ಉಪ್ಪಿನ ಡಬ್ಬಿ ನೋಡಿ, ಆಮೇಲೆ ಖಾಲಿ ಮೆಷಿನ್‌ಗೆ ಈ ಬಿಳಿ ಪದರ ಕರಗಿಸುವ ಡೀಸ್ಕೇಲರ್ ಹಾಕಿ ಬಿಸಿನೀರಲ್ಲಿ ಒಂದು ಸಲ ಓಡಿಸಿ.

ಹಾಗಾದರೆ ಬಿಡೋದು ಯಾವಾಗ? ಉಕ್ಕಿನ ತೊಟ್ಟಿಯೇ ತುಕ್ಕು ಹಿಡಿದು ತೂತಾಗಿದ್ದರೆ ಬಿಟ್ಟುಬಿಡಿ. ಈಗಿನ ಹಲವು ಮೆಷಿನ್‌ಗಳಲ್ಲಿ ಹೀಟರ್ ಎರಚುವ ಪಂಪಿನ ಜೊತೆಗೇ ಸೇರಿಕೊಂಡಿರುತ್ತದೆ, ಒಂದು ಹೋದರೆ ಎರಡನ್ನೂ ಬದಲಿಸಬೇಕು. ಹತ್ತು ವರ್ಷದ ಮೆಷಿನ್‌ನಲ್ಲಿ ಹೀಗಾದರೆ ನಾನಂತೂ ಹೊಸದನ್ನೇ ತರುತ್ತೇನೆ. ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಬಿಡಿ ಅನ್ನುವ ಲೆಕ್ಕವೊಂದಿದೆ. ಮೂರು ವರ್ಷದ ಮೆಷಿನ್‌ಗೂ ಹತ್ತು ವರ್ಷದ್ದಕ್ಕೂ ಅದೇ ಗೆರೆ ಎಳೆಯೋದು ಸರಿಯಲ್ಲ.

ಕರೆಂಟ್ ಉಳಿಯುತ್ತೆ ಅನ್ನುವ ಮಾತನ್ನೂ ಲೆಕ್ಕ ಹಾಕಿ ನೋಡಿ. ಹಳೆಯದು ಒಂದು ತೊಳೆತಕ್ಕೆ 1.2 ಯೂನಿಟ್, ಹೊಸದು 0.9 ಅಂತಿಟ್ಟುಕೊಳ್ಳಿ. ವರ್ಷಕ್ಕೆ 250 ಸಲ ಓಡಿಸಿದರೆ ಉಳಿಯೋದು 75 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂದರೂ ಸುಮಾರು 525 ರೂಪಾಯಿ. ಇಷ್ಟರಲ್ಲಿ ಹೊಸ ಮೆಷಿನ್‌ನ ದುಡ್ಡು ಅದರ ಆಯುಸ್ಸಿನೊಳಗೆ ವಾಪಸ್ ಬರೋದಿಲ್ಲ.

ಬಿಡಿಭಾಗ ಸಿಗದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ, ನನಗೆ ಬೇಸರವಾಗೋದು ಅಲ್ಲೇ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಡಿಶ್‌ವಾಶರ್ ಕಂಪನಿಗಳು ಪಂಪ್, ಹೀಟರ್, ಬೋರ್ಡ್‌ಗಳನ್ನು ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 7 ವರ್ಷ ರಿಪೇರಿಯವರಿಗೆ ಒದಗಿಸಲೇಬೇಕು. ಬಾಗಿಲಿನ ರಬ್ಬರ್, ನೀರೆರಚುವ ತೋಳುಗಳಿಗೆ 10 ವರ್ಷ. ನಮ್ಮ ಕೇಂದ್ರ ಸರ್ಕಾರವೂ ಕಂಪನಿಗಳ ರಿಪೇರಿ, ಬಿಡಿಭಾಗದ ಮಾಹಿತಿ ಒಂದೇ ಕಡೆ ಸಿಗಲಿ ಅಂತ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ. ಹಾಗಾಗಿ "ಪಾರ್ಟ್ ಸಿಗಲ್ಲ" ಅಂದರೆ ಯಾವ ಪಾರ್ಟ್, ಅದರ ನಂಬರ್ ಏನು ಅಂತ ಬರೆಸಿಕೊಳ್ಳಿ, ಅದೇ ನಂಬರ್ ಹಿಡಿದು ಬೇರೆ ಕಡೆಯೂ ವಿಚಾರಿಸಿ.

ಕೊನೆಗೂ ಹೊಸದೇ ಬಂತು ಅಂತಾದರೆ, ಮೊದಲ ಪಾತ್ರೆ ಹಾಕುವ ಮುಂಚೆ ನಿಮ್ಮ ನಲ್ಲಿಯ ನೀರಿನ ಗಡಸುತನವನ್ನು ಟೆಸ್ಟ್ ಪಟ್ಟಿಯಲ್ಲಿ ಅಳೆದು, ಮೆಷಿನ್‌ನ ಸೆಟ್ಟಿಂಗ್ ಅದಕ್ಕೆ ತಕ್ಕಂತೆ ಇಡಿಸಿ. ಹಳೆಯದರ ಹೀಟರ್ ಸುಟ್ಟ ನೀರು ಇನ್ನೂ ಅದೇ ಪೈಪ್‌ನಲ್ಲೇ ಬರುತ್ತಿರುತ್ತದೆ.