ಕೆಳಮಟ್ಟದ ವಿಕಿರಣ ಕಸ: ಹೂತದ್ದನ್ನು ಮತ್ತೆ ಅಗೆಯುವ ಹೊತ್ತು

ಅಣು ತ್ಯಾಜ್ಯ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಉರಿದು ಮುಗಿದ ಇಂಧನ. ಆದರೆ ರಾಶಿ ಬೀಳುವುದು ಬೇರೆ ಕಸ. ಅಣು ಸ್ಥಾವರಗಳಲ್ಲಿ ಬಳಸಿ ವಿಕಿರಣ ಅಂಟಿದ ಕೈಗವಸು, ಒರೆಸಿದ ಬಟ್ಟೆ, ಫಿಲ್ಟರ್, ಹಳೇ ಪೈಪು. ಒಟ್ಟು ಗಾತ್ರದಲ್ಲಿ ಇದರ ಪಾಲು ಸುಮಾರು 90%, ವಿಕಿರಣದಲ್ಲಿ 1% ಮಾತ್ರ. ಅಪಾಯ ಕಡಿಮೆ ಅಂತ ಅಗ್ಗದ ದಾರಿ ಹುಡುಕಿದ್ದರಿಂದಲೇ ಗೋಜಲು ಶುರುವಾಯಿತು.

1946ರಿಂದ ಹಲವು ದೇಶಗಳು ಡ್ರಮ್ಮುಗಳನ್ನು ಸಮುದ್ರಕ್ಕೆ ಹಾಕಿದವು. 1993ರಲ್ಲಿ ಅದಕ್ಕೆ ಪೂರ್ತಿ ನಿಷೇಧ ಬಿತ್ತು. ನೆಲದಲ್ಲಿ ಹೂತವರಿಗೂ ನೆಮ್ಮದಿ ಸಿಗಲಿಲ್ಲ. ಅಮೆರಿಕದ ಕೆಂಟಕಿಯ ಮ್ಯಾಕ್ಸಿ ಫ್ಲ್ಯಾಟ್ಸ್‌ನಲ್ಲಿ ಮಳೆನೀರು ಇಳಿದು ಕಂದಕಗಳೇ ತುಂಬಿಕೊಂಡವು.

ಜರ್ಮನಿಯ ಆಸ್ಸೆ ಕಥೆಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಅದು ಹಳೇ ಉಪ್ಪಿನ ಗಣಿ. ಉಪ್ಪು ಒಣಗಿರುತ್ತದೆ, ಹಾಗಾಗಿ ಕಸಕ್ಕೆ ಒಳ್ಳೇ ಜಾಗ ಅಂದುಕೊಂಡರು. ಪಕ್ಕದ ಗಣಿಗಳು ಅಷ್ಟರಲ್ಲೇ ನೀರು ನುಗ್ಗಿ ಮುಳುಗಿದ್ದವು, ಅದು ಗೊತ್ತಿದ್ದ ವಿಷಯವೇ. ಆದರೂ 1967ರಿಂದ 1978ರವರೆಗೆ, ಸಂಶೋಧನೆಯ ಹೆಸರಿನಲ್ಲಿ, ಸುಮಾರು 1,26,000 ಡ್ರಮ್ಮು, ಪೆಟ್ಟಿಗೆಗಳು ಒಳಗೆ ಹೋದವು. ಮೊದಮೊದಲು ಸಾಲಾಗಿ ಜೋಡಿಸುತ್ತಿದ್ದರು. ಆಮೇಲೆ ಲೋಡರ್‌ನಲ್ಲಿ ತಂದು ಇಳಿಜಾರಿಗೆ ಸುಮ್ನೆ ಉರುಳಿಸಿ, ಮೇಲೆ ಉಪ್ಪು ಸುರಿದರು. ಮತ್ತೆ ಹೊರಗೆ ತೆಗೆಯುವ ಯೋಚನೆ ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ, ಅಲ್ವಾ? 1988ರಲ್ಲಿ ಉಪ್ಪುನೀರು ಒಸರುವುದು ಕಂಡಿತು. ಆಮೇಲೆ ದಿನಕ್ಕೆ ಸುಮಾರು 12,000 ಲೀಟರ್ ಹಿಡಿದು ಮೇಲಕ್ಕೆತ್ತುವುದೇ ದೊಡ್ಡ ಕೆಲಸವಾಯಿತು.

ಅಷ್ಟರಲ್ಲಿ ಬೇರೆ ಕಡೆ ಪಾಠ ಕಲಿತಿದ್ದರು. ಸ್ವೀಡನ್ ಫೋರ್ಸ್‌ಮಾರ್ಕ್ ಬಳಿ, ಸಮುದ್ರದ ತಳದ ಕೆಳಗಿನ ಬಂಡೆಯಲ್ಲಿ ಕೊರೆದ ಕೋಣೆಗಳನ್ನು 1988ರಲ್ಲಿ ಬಳಕೆಗೆ ತಂದಿತು. ಫ್ರಾನ್ಸ್ ಓಬ್‌ನಲ್ಲಿ ಕಾಂಕ್ರೀಟ್ ಕೋಣೆ ಕಟ್ಟಿ, ಒಳಗೆ ಇಳಿದ ನೀರನ್ನು ಹಿಡಿದು ಪರೀಕ್ಷಿಸುವ ವ್ಯವಸ್ಥೆ ಮಾಡಿ, 1992ರಲ್ಲಿ ಕಸ ಇಡಲು ಶುರುಮಾಡಿತು. ಮುಚ್ಚಿದ ಮೇಲೂ 300 ವರ್ಷ ಕಾವಲಿರಬೇಕು ಅನ್ನುವುದು ಅಲ್ಲಿನ ಲೆಕ್ಕ. ಈ ಕಸದಲ್ಲಿರುವ ಸೀಸಿಯಂ-137 ಅನ್ನುವ ವಿಕಿರಣ ಸೂಸುವ ವಸ್ತು ಪ್ರತಿ 30 ವರ್ಷಕ್ಕೆ ಅರ್ಧವಾಗುತ್ತದೆ. 300 ವರ್ಷದಲ್ಲಿ ಹತ್ತು ಸಲ ಅರ್ಧವಾದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು.

ಆಸ್ಸೆಯ ಕಸವನ್ನು ಹೊರಗೆ ತೆಗೆಯಬೇಕು ಅಂತ 2013ರಲ್ಲಿ ಕಾನೂನೇ ಬಂತು. ಅದಕ್ಕೆ ಗಣಿಗೆ ಇಳಿಯುವ ಹೊಸ ಬಾವಿ ತೋಡಬೇಕು. ತುಕ್ಕು ಹಿಡಿದ ಡ್ರಮ್ಮುಗಳನ್ನು ದೂರನಿಯಂತ್ರಿತ ಯಂತ್ರಗಳಿಂದ ಎತ್ತಬೇಕು. ಮೇಲೆ ಬಂದದ್ದನ್ನು ಗಣಿಯ ಹತ್ತಿರವೇ ಇಡುವ ಯೋಜನೆಗೆ ಊರವರ ವಿರೋಧ ಇದೆ. ಅದರ ಕೊನೆಯ ಜಾಗ ಯಾವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.