ಎಚ್‌ಐವಿ ಇದ್ದವರ ಸೀರಮ್‌ನಲ್ಲಿ ಸಾಲ್ಮೊನೆಲ್ಲಾ ಯಾಕೆ ಸಾಯುವುದಿಲ್ಲ?

ದಾವಣಗೆರೆಯಲ್ಲಿ ನಮ್ಮ ಜೊತೆ ಸೆಕೆಂಡ್ ಇಯರ್ ಮೈಕ್ರೋಬಯಾಲಜಿ ಓದುತ್ತಿರುವವರಿಗೆ ಈ ಟಿಪ್ಪಣಿ. ಸೀರಮ್ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ; ಸಾಲ್ಮೊನೆಲ್ಲಾ ಎಂದರೆ ಕರುಳಿನಿಂದ ರಕ್ತಕ್ಕೂ ಇಳಿಯಬಲ್ಲ ಬ್ಯಾಕ್ಟೀರಿಯಾ. ಸಿಡಿ4 ಕೋಶ (ಸೋಂಕಿನ ವಿರುದ್ಧ ಹೋರಾಟ ನಡೆಸುವ ಬಿಳಿ ರಕ್ತಕಣ) ಇಳಿಯುತ್ತವೆ, ಅದಕ್ಕೇ ಸೋಂಕು ಹತ್ತುತ್ತದೆ ಅಂತ ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ. ವೈವಾದಲ್ಲಿ ಮುಂದಿನ ಪ್ರಶ್ನೆ ಬರುತ್ತದೆ: ಎಚ್‌ಐವಿ ಇದ್ದವರಲ್ಲಿ ಪ್ರತಿಕಾಯಗಳ ಒಟ್ಟು ಪ್ರಮಾಣ ಹೆಚ್ಚೇ ಇರುತ್ತದಲ್ಲ, ಮತ್ತೆ ಬ್ಯಾಕ್ಟೀರಿಯಾ ರಕ್ತದಲ್ಲಿ ಬದುಕುವುದು ಹೇಗೆ?

ಕಾಂಪ್ಲಿಮೆಂಟ್ (ರೋಗಾಣುಗಳ ಮೇಲೆ ಬೀಳುವ ರಕ್ತದ ಪ್ರೋಟೀನುಗಳ ಗುಂಪು) ಬಗ್ಗೆ ಬೇಕಾದಷ್ಟೇ ನೆನಪಿಸಿಕೊಳ್ಳಿ. ಅದು ಚುರುಕಾಗಲು ಮೂರು ದಾರಿ; ಮೂರೂ ಸಿ3 ಎಂಬ ಪ್ರೋಟೀನಿನ ಹತ್ತಿರ ಕೂಡುತ್ತವೆ. ಅದರ ತುಂಡಾದ ಸಿ3ಬಿ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಆ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ಸಿ5ಬಿಯಿಂದ ಸಿ9ರವರೆಗಿನವು ಸೇರಿ ಹೊರಪೊರೆಗೆ ತೂತು ಕೊರೆಯುತ್ತವೆ. ಬ್ಯಾಕ್ಟೀರಿಯಾಗಳಲ್ಲಿ ಈ ತೂತಿನ ಆಟ ಗ್ರಾಂ ನೆಗೆಟಿವ್‌ಗಳ (ತೆಳು ಗೋಡೆಯ ಮೇಲೆ ಹೊರಪೊರೆ ಇರುವವು; ಸಾಲ್ಮೊನೆಲ್ಲಾ ಇದೇ ಗುಂಪು) ಮೇಲೆ ಮಾತ್ರ. ನ್ಯುಮೋನಿಯಾ ತರುವ ನ್ಯೂಮೋಕಾಕಸ್‌ನ ದಪ್ಪ ಗೋಡೆಯ ಮುಂದೆ ನಡೆಯುವುದಿಲ್ಲ, ಅದನ್ನು ನುಂಗಿಯೇ ಮುಗಿಸಬೇಕು.

ಪರೀಕ್ಷಿಸುವುದು ಸುಲಭ. ಸೀರಮ್‌ಗೆ ಸಾಲ್ಮೊನೆಲ್ಲಾ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಪ್ಲೇಟ್ ಮೇಲೆ ಹರಡಿ ಕಾಲೊನಿ ಎಣಿಸುವುದು. ಕಂಟ್ರೋಲ್‌ಗೆ ಅದೇ ಸೀರಮ್ಮನ್ನು 56 ಡಿಗ್ರಿ ವಾಟರ್ ಬಾತ್‌ನಲ್ಲಿ 30 ನಿಮಿಷ ಇಡುತ್ತಾರೆ: ಕಾಂಪ್ಲಿಮೆಂಟ್ ಕೆಡುತ್ತದೆ, ಪ್ರತಿಕಾಯ ಉಳಿಯುತ್ತದೆ.

ಆಫ್ರಿಕಾದ ಮಲಾವಿಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದ ಸ್ವಾರಸ್ಯ ಇಲ್ಲಿದೆ. ಆರೋಗ್ಯವಂತರ ಸೀರಮ್ ಸಾಲ್ಮೊನೆಲ್ಲಾವನ್ನು ಕೊಂದಿತು. ಎಚ್‌ಐವಿ ಇದ್ದ ಹಲವು ವಯಸ್ಕರದ್ದು ಕೊಲ್ಲಲಿಲ್ಲ. ಅವರಲ್ಲಿ ಪ್ರತಿಕಾಯದ ಕೊರತೆಯಿರಲಿಲ್ಲ, ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ಮೇಲಿನ ಕೊಬ್ಬು-ಸಕ್ಕರೆಯ ಸರಪಳಿ) ವಿರುದ್ಧದ ಪ್ರತಿಕಾಯ ವಿಪರೀತ ಇತ್ತು! ಅದನ್ನು ತೆಗೆದುಹಾಕಿದರೆ ಸೀರಮ್ ಮತ್ತೆ ಕೊಲ್ಲತೊಡಗಿತು. ಆರೋಗ್ಯವಂತರ ಸೀರಮ್‌ಗೆ ಅದನ್ನೇ ಹೆಚ್ಚಾಗಿ ಸೇರಿಸಿದರೆ ಕೊಲ್ಲುವುದು ನಿಂತಿತು. ಎಲ್‌ಪಿಎಸ್ ಗಿಡ್ಡವಾಗಿರುವ ಸಾಲ್ಮೊನೆಲ್ಲಾ ಮಾತ್ರ ಅದೇ ರೋಗಿಗಳ ಸೀರಮ್‌ನಲ್ಲೂ ಸತ್ತಿತು. ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನ್ನಿಸಿದ್ದು ಇದೇ.

ನಮ್ಮ ಹೊಲಗಳ ಮೆಕ್ಕೆಜೋಳದ ತೆನೆಗೆ ಕೂದಲು ಇರುತ್ತದಲ್ಲ, ಎಲ್‌ಪಿಎಸ್ ಹಾಗೆ ಪೊರೆಯಿಂದ ಹೊರಗೆ ಚಾಚಿರುತ್ತದೆ. ಪ್ರತಿಕಾಯ ಈ ಕೂದಲಿಗೇ ಅಂಟಿ, ಕಾಂಪ್ಲಿಮೆಂಟ್ ಕೂದಲ ತುದಿಯಲ್ಲೇ ಕೂತರೆ ಪೊರೆಗೆ ತೂತು ಬೀಳದು ಎಂಬುದು ಒಂದು ವಿವರಣೆ. ಆ ಅಧ್ಯಯನದ ಪ್ರಕಾರ ಕೊಲ್ಲಿಸುವ ಪ್ರತಿಕಾಯಗಳು ಹೊರಪೊರೆಯ ಪ್ರೋಟೀನುಗಳ ವಿರುದ್ಧದವು. ಲಸಿಕೆ ಮಾಡುವವರಿಗೂ ಇದು ತಲೆನೋವೇ: ಯಾವ ಭಾಗದ ವಿರುದ್ಧ ಪ್ರತಿಕಾಯ ಹುಟ್ಟಿಸಬೇಕು?

ಎಚ್‌ಐವಿ ವೈರಸ್ ಕೂಡ ಕಾಂಪ್ಲಿಮೆಂಟ್‌ಗೆ ಸುಲಭಕ್ಕೆ ಸಿಗುವುದಿಲ್ಲ. ಮನುಷ್ಯಕೋಶದಿಂದ ಹೊರಬರುವಾಗ ಸಿಡಿ55, ಸಿಡಿ59 ಎಂಬ ರಕ್ಷಕ ಪ್ರೋಟೀನುಗಳನ್ನು ಹೊದ್ದುಕೊಂಡೇ ಬರುತ್ತದೆ. ಎರಡನ್ನೂ ಒಂದೇ ಉತ್ತರದಲ್ಲಿ ಕಲಸಬೇಡಿ.

ಮೇಲೆ ಹೇಳಿದ್ದೆಲ್ಲ ಟೈಫಾಯ್ಡ್ ಅಲ್ಲದ ಸಾಲ್ಮೊನೆಲ್ಲಾಕ್ಕೆ. ಟೈಫಾಯ್ಡ್ ಬ್ಯಾಕ್ಟೀರಿಯಾಕ್ಕೆ ವಿಐ ಕ್ಯಾಪ್ಸೂಲ್ ಎಂಬ ಸಕ್ಕರೆಯ ಹೊರಕವಚ ಇದೆ, ಅದರ ಕಥೆ ಬೇರೆ. ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಸೆಂಟರ್ ಪೋಸ್ಟಿಂಗ್‌ನಲ್ಲಿ ಫೈಲ್ ತಿರುವುವಾಗ ಟೈಫಾಯ್ಡ್ ಅಲ್ಲದ ಸಾಲ್ಮೊನೆಲ್ಲಾ ರಕ್ತದಲ್ಲಿ ಮತ್ತೆ ಮತ್ತೆ ಬಂದದ್ದು ಕಂಡರೆ ಡಬ್ಲ್ಯೂಎಚ್‌ಒ 4ನೇ ಹಂತ (ಎಚ್‌ಐವಿ ಕಾಯಿಲೆಯ ಅತಿ ತೀವ್ರ ಹಂತ) ಎಂದು ಗುರುತು ಹಾಕಿಕೊಳ್ಳಿ.